ಫ್ರಾನ್ಸಿನ ದೊರೆಯೂ ಅವನ ಜರ್ಮನ್ ಕುದುರೆಪಡೆಯೂ

ಫ್ರಾನ್ಸಿನ ಮಹಾಕ್ರಾಂತಿ ಎಂದೊಡನೆ ನೆನಪಿಗೆ ಬರುವುದು 1789ರ ಜುಲೈ 14 ಮತ್ತು ಬಾಸ್ತೀಲ್ ಸೆರೆಮನೆಯ ಪತನ. ನಮ್ಮ ಶಾಲೆಯ ಪಾಠಗಳೂ ಕ್ರಾಂತಿಯ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತವೆ. ಆದರೆ ಪ್ಯಾರಿಸ್ಸಿನ ಜನ ಕೋವಿ, ಮದ್ದು ಹುಡುಕಿಕೊಂಡು ಬೀದಿಗಿಳಿದದ್ದು ಅದಕ್ಕೆ ಎರಡು ದಿನ ಮೊದಲು, ಜುಲೈ 12ರ ಭಾನುವಾರ. ಅಂದು ಸಂಜೆ ನಗರದ ನಡುವಿನ ಟ್ವಿಲರಿ ಉದ್ಯಾನದೊಳಕ್ಕೆ ಕುದುರೆ ಸವಾರರ ಪಡೆಯೊಂದು ಕತ್ತಿ ಹಿರಿದು ನುಗ್ಗಿತು. ಆ ಪಡೆಯ ಹೆಸರು ‘ರಾಯಲ್ ಅಲ್ಮಾಂ’. ಕನ್ನಡದಲ್ಲಿ ಹೇಳುವುದಾದರೆ ‘ರಾಜನ ಜರ್ಮನ್ ಪಡೆ’.

ಫ್ರಾನ್ಸಿನ ರಾಜಧಾನಿಯಲ್ಲಿ, ಫ್ರಾನ್ಸಿನ ಪ್ರಜೆಗಳ ಮೇಲೆ, ಫ್ರಾನ್ಸಿನ ದೊರೆಯ ಹೆಸರಿನಲ್ಲಿ ಜರ್ಮನ್ ಪಡೆಯೊಂದು ಏಕೆ ನುಗ್ಗಬೇಕಾಯಿತು? ಅಂದಿನ ದೊರೆ ಹದಿನಾರನೆಯ ಲೂಯಿ ತನ್ನ ಜನರಿಂದಲೇ ಕೂಡಿದ ಸೈನ್ಯವನ್ನು ನಂಬದೆ ಪರದೇಶದವರೆಂದು ಹೆಸರಾದ ಈ ಪಡೆಯನ್ನು ಏಕೆ ನಂಬಿದ? ಆ ನಂಬಿಕೆ ಅವನನ್ನು ಉಳಿಸಿತೇ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಒಂದು ರೆಜಿಮೆಂಟಿನ ಚರಿತ್ರೆ ಮಾತ್ರವಲ್ಲ, ‘ನಮ್ಮವರು’, ‘ಹೊರಗಿನವರು’ ಎಂಬ ಮಾತುಗಳ ಅರ್ಥವೇ ಮೂರು ನಾಲ್ಕು ವರ್ಷಗಳಲ್ಲಿ ತಲೆಕೆಳಗಾದ ಚರಿತ್ರೆಯೂ ಕಾಣುತ್ತದೆ.

ಕೂಲಿಗೆ ಬಂದ ಕತ್ತಿಗಳು

ಇಂದು ಸೈನ್ಯವೆಂದರೆ ಒಂದು ದೇಶದ್ದು, ಸೈನಿಕನೆಂದರೆ ಆ ದೇಶದ ಪ್ರಜೆ ಎಂಬುದು ನಮಗೆ ಸಹಜವಾದ ಕಲ್ಪನೆ. ಹದಿನೇಳು, ಹದಿನೆಂಟನೆಯ ಶತಮಾನಗಳ ಯೂರೋಪಿನಲ್ಲಿ ಹಾಗಿರಲಿಲ್ಲ. ಸೈನ್ಯ ಇದ್ದದ್ದು ದೊರೆಗೆ. ದೊರೆ ಸಂಬಳ ಕೊಡುತ್ತಿದ್ದ, ಸಿಪಾಯಿ ಪ್ರಮಾಣ ಮಾಡಿ ಸೇವೆಗೆ ನಿಲ್ಲುತ್ತಿದ್ದ. ಅವನು ಹುಟ್ಟಿದ ಊರು ಯಾವುದು, ಆಡುವ ಮಾತು ಯಾವುದು ಎಂಬುದು ದೊಡ್ಡ ವಿಷಯವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಡ ಕಣಿವೆಗಳು ಶತಮಾನಗಳ ಕಾಲ ಗಂಡುಮಕ್ಕಳನ್ನು ಪರರಾಜರ ಸೈನ್ಯಗಳಿಗೆ ಕಳುಹಿಸಿ ಬದುಕಿದವು. ಇಂಗ್ಲೆಂಡಿನಲ್ಲಿ ಸಿಂಹಾಸನ ಕಳೆದುಕೊಂಡ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸನ ಪರವಾಗಿ ಕಾದು ಸೋತ ಐರಿಷರು ಫ್ರಾನ್ಸಿಗೆ ಬಂದು ಅಲ್ಲಿ ತಮ್ಮದೇ ರೆಜಿಮೆಂಟುಗಳನ್ನು ಕಟ್ಟಿಕೊಂಡರು. ಅವರಲ್ಲಿ ಫಿಟ್ಸ್‌ಜೇಮ್ಸ್ ಎಂಬ ಅಶ್ವದಳವೂ ಇತ್ತು. 1762ರಲ್ಲಿ ಅದನ್ನು ವಿಸರ್ಜಿಸುವವರೆಗೂ ಅದು ಬೂರ್ಬನ್ ದೊರೆಗಳಿಗಾಗಿ ಕಾದಿತು. ಕ್ರೊಯೇಷಿಯಾದ ಸವಾರರಿಂದ ಹೆಸರು ಪಡೆದ ‘ರಾಯಲ್ ಕ್ರವಾತ್’ ಎಂಬ ಇನ್ನೊಂದು ಪಡೆಯೂ ಇತ್ತು. ಆ ಕ್ರೊಯೇಷಿಯನ್ನರು ಕತ್ತಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯಿಂದಲೇ ಇಂದಿನ ನೆಕ್‌ಟೈಗೆ ‘ಕ್ರವಾತ್’ ಎಂಬ ಹೆಸರು ಬಂದಿತು ಎನ್ನುತ್ತಾರೆ.

ಕರ್ನಾಟಕದವರಿಗೂ ಈ ಪದ್ಧತಿ ತೀರ ಅಪರಿಚಿತವಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನವನ್ನು ನೋಡಿದವರು ಅಲ್ಲಿ ‘ದ ಮ್ಯೂರೊಂ’ ರೆಜಿಮೆಂಟಿನವರ ಸಮಾಧಿಗಳನ್ನು ಕಂಡಿರಬಹುದು. ಇಂದಿನ ಸ್ವಿಟ್ಜರ್ಲೆಂಡಿಗೆ ಸೇರಿದ ನೊಶಾತೆಲಿನವನೊಬ್ಬ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಪಡೆ ಅದು. 1795ರಲ್ಲಿ ಸಿಂಹಳದಲ್ಲಿದ್ದಾಗ ಅದು ಡಚ್ಚರ ಸಂಬಳ ಬಿಟ್ಟು ಇಂಗ್ಲಿಷರ ಸಂಬಳಕ್ಕೆ ಬಂದಿತು. 1799ರಲ್ಲಿ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದವರ ಸಾಲಿನಲ್ಲಿ ನಿಂತಿತು. ಇತ್ತ ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿಯೂ ಫ್ರೆಂಚ್ ಸಿಪಾಯಿಗಳಿದ್ದರು. ಆಲ್ಪ್ಸ್ ತಪ್ಪಲಿನ ಹುಡುಗನೊಬ್ಬ ಕಾವೇರಿ ತೀರದಲ್ಲಿ, ತನಗೆ ಸಂಬಂಧವೇ ಇಲ್ಲದ ಜಗಳದಲ್ಲಿ ಮಡಿದರೆ ಆ ಕಾಲದಲ್ಲಿ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಫ್ರಾನ್ಸಿನ ದೊರೆಗಳಿಗೆ ಪರದೇಶಿ ಪಡೆಗಳ ಮೇಲೆ ಒಲವಿರಲು ಕಾರಣಗಳಿದ್ದವು. ಹೊರಗಿನ ಒಬ್ಬ ಸಿಪಾಯಿ ಸೇವೆಗೆ ಸೇರಿದರೆ ತನ್ನ ರಾಜ್ಯದ ಒಬ್ಬ ರೈತ ಹೊಲದಲ್ಲಿಯೇ ಉಳಿಯುತ್ತಾನೆ, ತೆರಿಗೆ ಕೊಡುತ್ತಾನೆ. ಅದೇ ಸಿಪಾಯಿ ಶತ್ರುವಿನ ಸೈನ್ಯ ಸೇರುವುದೂ ತಪ್ಪುತ್ತದೆ. ಅಂದಿನ ಮಂತ್ರಿಗಳ ಲೆಕ್ಕ ಹೀಗಿತ್ತು. ಇದಲ್ಲದೆ ಇನ್ನೊಂದು ಲೆಕ್ಕವೂ ಇತ್ತು. ಅದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ. ಊರಿನಲ್ಲಿ ಅಣ್ಣ ತಮ್ಮಂದಿರು, ನಂಟರಿಷ್ಟರು ಇಲ್ಲದ ಸಿಪಾಯಿಗೆ ಜನರ ದಂಗೆಯನ್ನು ಅಡಗಿಸುವಾಗ ಕೈ ನಡುಗುವುದಿಲ್ಲ ಎಂಬುದೇ ಆ ಲೆಕ್ಕ. ಕ್ರಾಂತಿಯ ಹೊತ್ತಿಗೆ ನೂರರ ಆಸುಪಾಸಿನಲ್ಲಿದ್ದ ಫ್ರೆಂಚ್ ಕಾಲ್ದಳದ ರೆಜಿಮೆಂಟುಗಳಲ್ಲಿ 23 ಪರದೇಶಿ ರೆಜಿಮೆಂಟುಗಳಾಗಿದ್ದವು. ಅವುಗಳಲ್ಲಿ 11 ಸ್ವಿಸ್ ಪಡೆಗಳು. ಉಳಿದವುಗಳಲ್ಲಿ ಜರ್ಮನ್ ಪಡೆಗಳೇ ಹೆಚ್ಚು.

ಕರಡಿ ಟೋಪಿಯ ಸವಾರರು

ರಾಯಲ್ ಅಲ್ಮಾಂ ಪಡೆ ಹುಟ್ಟಿದ್ದು 1671ರಲ್ಲಿ, ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ. ಹಾಲೆಂಡಿನ ಮೇಲೆ ಯುದ್ಧ ಹೂಡಲು ಆತ ಸಿದ್ಧತೆ ನಡೆಸಿದ್ದ ಸಮಯ ಅದು. ಕ್ಯೋನಿಗ್ಸ್‌ಮಾರ್ಕ್ ಎಂಬ ಜರ್ಮನ್ ಮನೆತನದ ಕೌಂಟನ ಹೆಸರಿನಲ್ಲಿ ಅದನ್ನು ಕಟ್ಟಲಾಯಿತು. ಆಗ ರೆಜಿಮೆಂಟೆಂದರೆ ಒಂದು ಬಗೆಯ ಗುತ್ತಿಗೆ. ಕುಲೀನನೊಬ್ಬ ಜನರನ್ನೂ ಕುದುರೆಗಳನ್ನೂ ಕೂಡಿಸಿ ತರುತ್ತಾನೆ, ದೊರೆ ಅದಕ್ಕೆ ಹಣ ಕೊಡುತ್ತಾನೆ, ಪಡೆಗೆ ಆ ಕುಲೀನನ ಹೆಸರೇ ನಿಲ್ಲುತ್ತದೆ. ಮುಂದೆ ಅದೇ ಶತಮಾನದಲ್ಲಿ ಈ ಪಡೆಗೆ ‘ರಾಯಲ್’ ಎಂಬ ಬಿರುದು ದಕ್ಕಿತು. ಆ ಒಂದು ಪದದಿಂದ ಅದರ ಸ್ಥಾನ ಬದಲಾಯಿತು. ಯಾವನೋ ಕೌಂಟನ ಪಡೆಯಾಗಿದ್ದದ್ದು ಸಾಕ್ಷಾತ್ ದೊರೆಯ ಜರ್ಮನ್ ಪಡೆಯಾಯಿತು.

ಅದು ಭಾರಿ ಅಶ್ವದಳದ ರೆಜಿಮೆಂಟು. ಅಂದಿನ ಅಶ್ವಸೈನ್ಯದಲ್ಲಿ ಮೂರು ಮುಖ್ಯ ಬಗೆಗಳಿದ್ದವು. ಹುಸ್ಸಾರರು ಹಗುರ ಕುದುರೆಗಳ ಮೇಲೆ ಕುಳಿತು ಗಸ್ತು, ಬೇಹು, ದಿಢೀರ್ ದಾಳಿಗಳಿಗೆ ಹೋಗುವವರು. ಡ್ರಾಗೂನರು ಮೂಲತಃ ಕುದುರೆಯ ಮೇಲೆ ಬಂದು ಕೆಳಗಿಳಿದು ಕೋವಿ ಹಿಡಿದು ಕಾದುವವರು. ಭಾರಿ ಅಶ್ವದಳದ ಕೆಲಸವೇ ಬೇರೆ. ದೊಡ್ಡ ಆಳುಗಳು, ದೊಡ್ಡ ಕುದುರೆಗಳು, ಕೈಯಲ್ಲಿ ಉದ್ದನೆಯ ಕತ್ತಿ. ಸವಾರನ ಮೊಣಕಾಲಿಗೆ ಪಕ್ಕದ ಸವಾರನ ಮೊಣಕಾಲು ತಾಗುವಷ್ಟು ಒತ್ತಾಗಿ ಸಾಲುಗಟ್ಟಿ ಶತ್ರುವಿನ ಮೇಲೆ ಗೋಡೆಯಂತೆ ಬಂದು ಬೀಳುವುದು ಅದರ ರೀತಿ. ಬಯಲಿನ ಯುದ್ಧದಲ್ಲಿ ಇದು ಭಯಂಕರ ಆಯುಧ. ಜನ ತುಂಬಿದ ಪೇಟೆ ಬೀದಿಗೆ ಇಂಥ ಪಡೆಯನ್ನು ತಂದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡುತ್ತೇವೆ.

ಜರ್ಮನ್ ಸವಾರರಿಗೆ ಫ್ರಾನ್ಸಿನಲ್ಲಿ ಹಳೆಯ ಹೆಸರಿತ್ತು. ಮೂವತ್ತು ವರ್ಷಗಳ ಯುದ್ಧದ ನಡುವೆ, 1639ರಲ್ಲಿ, ಸ್ಯಾಕ್ಸ್-ವೈಮಾರಿನ ಬರ್ನಾರ್ಡ್ ಎಂಬ ಜರ್ಮನ್ ಸೇನಾನಿ ತೀರಿಕೊಂಡಾಗ ಅವನ ಇಡೀ ಸೈನ್ಯವೇ ಫ್ರಾನ್ಸಿನ ಸೇವೆಗೆ ಬಂದಿತ್ತು. ಆ ಪರಂಪರೆಯಲ್ಲಿಯೇ ರಾಯಲ್ ಅಲ್ಮಾಂ ಬೆಳೆಯಿತು. ಅದರಲ್ಲಿ ಆಜ್ಞೆಗಳನ್ನು ಕೂಗುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ. ಉಡುಪು ನೀಲಿ, ತಲೆಗೆ ಮಾತ್ರ ಬೇರೆ ಅಶ್ವದಳಗಳಲ್ಲಿ ಕಾಣದ ಕರಡಿ ಚರ್ಮದ ಎತ್ತರದ ಟೋಪಿ. ಆರಡಿ ಆಳು, ಅದರ ಮೇಲೆ ಅಡಿಯೆತ್ತರದ ಕೂದಲಿನ ಟೋಪಿ, ಕೆಳಗೆ ಭಾರಿ ಕುದುರೆ. ದೂರದಿಂದ ನೋಡಿದವನಿಗೂ ಇದು ಯಾವ ಪಡೆಯೆಂದು ಕೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಗಮನಿಸಬೇಕು. ಹೆಸರು ಜರ್ಮನ್ ಪಡೆಯಾದರೂ ಅದರ ಸಿಪಾಯಿಗಳಲ್ಲಿ ದೊಡ್ಡ ಪಾಲು ಅಲ್ಸಾಸ್ ಮತ್ತು ಲೊರೇನ್ ಸೀಮೆಗಳಿಂದ ಬಂದವರು. ಅಲ್ಸಾಸಿನ ಬಹುಭಾಗ 1648ರ ಒಪ್ಪಂದದಿಂದ, ಸ್ಟ್ರಾಸ್‌ಬೋರ್ಗ್ ನಗರ 1681ರಲ್ಲಿ, ಲೊರೇನ್ 1766ರಲ್ಲಿ ಫ್ರಾನ್ಸಿಗೆ ಸೇರಿದ್ದವು. ಅಲ್ಲಿನ ಬಹಳಷ್ಟು ಹಳ್ಳಿಗರ ಮನೆಮಾತು ಜರ್ಮನ್. ಅವರು ಪ್ರಜೆಗಳಾಗಿದ್ದದ್ದು ಫ್ರಾನ್ಸಿನ ದೊರೆಗೆ. ಗಡಿನಾಡಿನ ಜನರ ಪಾಡು ಎಲ್ಲ ಕಡೆಯೂ ಒಂದೇ: ಆಳುವವರ ಲೆಕ್ಕದಲ್ಲಿ ಒಂದು ಕಡೆ, ಆಡುವ ಮಾತಿನ ಲೆಕ್ಕದಲ್ಲಿ ಇನ್ನೊಂದು ಕಡೆ. ದೊರೆಯ ಹಳೆಯ ಸೈನ್ಯದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಪರದೇಶಿ ಪಡೆಯ ಸಿಪಾಯಿಗೆ ಸಂಬಳವೂ ತುಸು ಹೆಚ್ಚು; ಹೀಗಾಗಿ ‘ಪರದೇಶಿ’ ಎನಿಸಿಕೊಳ್ಳುವುದು ಲಾಭದ ಮಾತೇ ಆಗಿತ್ತು. ಆ ಹೆಸರೇ ಒಂದು ದಿನ ಕುತ್ತಿಗೆಗೆ ಉರುಳಾದೀತೆಂದು ಯಾರೂ ನೆನೆಸಿರಲಿಲ್ಲ.

ಒಂದು ಭಾನುವಾರದ ಸಂಜೆ

1789ರ ಬೇಸಿಗೆಗೆ ಬರೋಣ. ಬೊಕ್ಕಸ ಬರಿದಾಗಿ, ತೆರಿಗೆಗೆ ಒಪ್ಪಿಗೆ ಪಡೆಯಲು ದೊರೆ ಮೂರು ವರ್ಗಗಳ ಮಹಾಸಭೆಯನ್ನು ವರ್ಸೇಲ್ಸಿನಲ್ಲಿ ಕರೆದಿದ್ದ. ಅದರ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಇದೇ ದೊರೆ ಇದೇ ವರ್ಸೇಲ್ಸಿನಲ್ಲಿ ವೈಭವದಿಂದ ಬರಮಾಡಿಕೊಂಡಿದ್ದ. ಅವರು ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಈಗ ಅವನಿಗೇ ತನ್ನ ರಾಜಧಾನಿಯನ್ನು ಕಾಯಲು ಸೈನ್ಯ ಬೇಕಾಗಿತ್ತು. ಮಹಾಸಭೆಯ ಮೂರನೆಯ ವರ್ಗದ ಪ್ರತಿನಿಧಿಗಳು ಜೂನ್‌ನಲ್ಲಿ ತಾವೇ ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡರು. ಪ್ಯಾರಿಸ್ಸಿನಲ್ಲಿ ರೊಟ್ಟಿಯ ಬೆಲೆ ಏರುತ್ತಿತ್ತು. ನಗರದ ಕಾವಲಿನ ‘ಫ್ರೆಂಚ್ ಗಾರ್ಡ್’ ಪಡೆಯ ಸಿಪಾಯಿಗಳು ಜನರ ಜೊತೆ ಕುಡಿದು, ಹಾಡಿ, ಜನರ ಮೇಲೆ ಗುಂಡು ಹಾರಿಸುವುದಿಲ್ಲವೆಂದು ಹೇಳತೊಡಗಿದ್ದರು.

ಆಗ ದೊರೆ ಗಡಿಯ ಕಡೆಯಿಂದ ರೆಜಿಮೆಂಟುಗಳನ್ನು ಕರೆಸಿದ. ಜುಲೈ ಮೊದಲ ವಾರಗಳಲ್ಲಿ ಪ್ಯಾರಿಸ್ ಮತ್ತು ವರ್ಸೇಲ್ಸಿನ ಸುತ್ತ ಸೈನ್ಯ ಕೂಡಿತು. ಅದರಲ್ಲಿ ಸ್ವಿಸ್ ಮತ್ತು ಜರ್ಮನ್ ಪಡೆಗಳು ಎದ್ದು ಕಾಣುವಷ್ಟು ಇದ್ದವು. ಜುಲೈ 8ರಂದು ರಾಷ್ಟ್ರೀಯ ಸಭೆಯಲ್ಲಿ ಮಿರಾಬೋ ಎದ್ದು ನಿಂತು, ಈ ಪಡೆಗಳನ್ನು ಹಿಂದಕ್ಕೆ ಕಳುಹಿಸುವಂತೆ ದೊರೆಯನ್ನು ಕೇಳಿಕೊಳ್ಳಬೇಕೆಂದು ಒತ್ತಾಯಿಸಿದ. ದೊರೆ ಒಪ್ಪಲಿಲ್ಲ. ಜುಲೈ 11ರಂದು ಜನರ ನಂಬಿಕೆಗೆ ಪಾತ್ರನಾಗಿದ್ದ ಹಣಕಾಸಿನ ಮಂತ್ರಿ ನೆಕೇರ್‌ನನ್ನು ತೆಗೆದುಹಾಕಿದ. ವಿಚಿತ್ರವೆಂದರೆ ಪ್ಯಾರಿಸ್ ಜನ ಮೆಚ್ಚಿದ್ದ ಆ ನೆಕೇರ್ ಕೂಡ ಪರದೇಶದವನೇ, ಜಿನೀವಾದವನು.

ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ್ದು ಮರುದಿನ, ಭಾನುವಾರ. ಪಾಲೆ ರಾಯಲ್ ತೋಟದಲ್ಲಿ ಕಮೀಲ್ ದೆಮುಲ್ಯಾಂ ಎಂಬ ತರುಣ ವಕೀಲ ಮೇಜು ಹತ್ತಿ ಜನರಿಗೆ ಆಯುಧ ಹಿಡಿಯಲು ಕರೆಕೊಟ್ಟ. ಪರದೇಶಿ ಪಡೆಗಳು ನಮ್ಮ ಕತ್ತು ಕೊಯ್ಯಲು ಬಂದಿವೆ ಎಂಬ ಭಯ ಆಗಲೇ ಬಾಯಿಂದ ಬಾಯಿಗೆ ಹರಡಿತ್ತು. ಜನ ಕರ್ಟಿಯಸ್ ಎಂಬವನ ಮೇಣದ ಬೊಂಬೆಗಳ ಪ್ರದರ್ಶನಶಾಲೆಗೆ ಹೋಗಿ ನೆಕೇರ್ ಮತ್ತು ಓರ್ಲಿಯಾಂ ಡ್ಯೂಕನ ಮೇಣದ ತಲೆಗಳನ್ನು ಕೇಳಿ ಪಡೆದರು. ಮುಂದೆ ಲಂಡನ್ನಿನಲ್ಲಿ ಹೆಸರು ಮಾಡಿದ ಮೇಡಂ ಟುಸ್ಸಾಡ್ ಈ ಕರ್ಟಿಯಸನ ಶಿಷ್ಯೆ. ಆ ಮೇಣದ ತಲೆಗಳನ್ನು ಎತ್ತಿ ಹಿಡಿದು ಮೆರವಣಿಗೆ ಹೊರಟಿತು. ವಾಂದೋಮ್ ಚೌಕದ ಹತ್ತಿರ ಸೈನಿಕರಿಗೂ ಮೆರವಣಿಗೆಗೂ ತಾಕಲಾಟವಾಯಿತು. ಚದುರಿದ ಜನ ಹದಿನೈದನೆಯ ಲೂಯಿಯ ಪ್ರತಿಮೆಯಿದ್ದ ದೊಡ್ಡ ಚೌಕ ಮತ್ತು ಅದಕ್ಕೆ ತಾಗಿದ ಟ್ವಿಲರಿ ಉದ್ಯಾನಕ್ಕೆ ನುಗ್ಗಿದರು.

ಚೌಕದಲ್ಲಿ ರಾಯಲ್ ಅಲ್ಮಾಂ ನಿಂತಿತ್ತು. ಅದರ ಒಡೆಯ ಲಾಂಬೆಸ್ಕ್ ರಾಜಕುಮಾರ. ಲೊರೇನಿನ ಹಳೆಯ ಅರಸುಮನೆತನದವನು. ರಾಣಿ ಮೇರಿ ಆಂಟ್ವಾನೆಟ್ಟಳ ತಂದೆಯೂ ಅದೇ ಮನೆತನದವನಾದ್ದರಿಂದ ರಾಣಿಗೆ ಬಂಧು. ದೊರೆಯ ಅಶ್ವಶಾಲೆಗಳ ಮುಖ್ಯಾಧಿಕಾರಿ ಎಂಬ ದೊಡ್ಡ ಪದವಿಯೂ ಅವನದೇ. ಜನ ಕಲ್ಲು ಬೀರತೊಡಗಿದಾಗ ಉದ್ಯಾನವನ್ನು ತೆರವು ಮಾಡಿಸುವಂತೆ ಅವನಿಗೆ ಆಜ್ಞೆ ಬಂದಿತು. ಉದ್ಯಾನದ ಪಶ್ಚಿಮದ ತುದಿಯಲ್ಲಿ ತಿರುಗುವ ಸೇತುವೆಯೊಂದಿತ್ತು. ಅದನ್ನು ದಾಟಿ ಸವಾರರು ಒಳಗೆ ಬಂದರು. ಭಾನುವಾರದ ಸಂಜೆ ಹೆಂಡಿರು ಮಕ್ಕಳೊಡನೆ ತಿರುಗಾಡಲು ಬಂದವರೂ ಅಲ್ಲಿದ್ದರು. ಜನ ಕುರ್ಚಿಗಳನ್ನು ಎಸೆದರು, ಬಾಟಲಿ ತೂರಿದರು, ಸೇತುವೆಯನ್ನು ತಿರುಗಿಸಿ ಸವಾರರನ್ನು ಒಳಗೇ ಸಿಕ್ಕಿಸಲು ನೋಡಿದರು. ಗಲಿಬಿಲಿಯಲ್ಲಿ ಒಬ್ಬ ಮುದುಕ ಕತ್ತಿಯೇಟಿನಿಂದ ಗಾಯಗೊಂಡು ಬಿದ್ದ. ಲಾಂಬೆಸ್ಕ್ ಪಡೆಯನ್ನು ಹಿಂದಕ್ಕೆ ಕರೆದೊಯ್ದ.

ಬಯಲಿನ ಯುದ್ಧದ ಅಳತೆಯಲ್ಲಿ ಇದು ಏನೂ ಅಲ್ಲ. ಮುಂದೆ ನ್ಯಾಯಾಲಯದ ವಿಚಾರಣೆಯಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಆ ಒಬ್ಬ ಮುದುಕನ ಗಾಯವೇ. ಲಾಂಬೆಸ್ಕನ ಮೇಲಿನ ಆರೋಪ ನಿಲ್ಲಲಿಲ್ಲ. ಆದರೆ ಅಂದು ರಾತ್ರಿ ಪ್ಯಾರಿಸ್ಸಿನ ಬೀದಿಗಳಲ್ಲಿ ಓಡಿದ ಸುದ್ದಿ ಬೇರೆ. ಜರ್ಮನ್ ಸವಾರರು ಉದ್ಯಾನದಲ್ಲಿ ಮುದುಕರನ್ನೂ ಹೆಂಗಸರು ಮಕ್ಕಳನ್ನೂ ಕಡಿದು ಹಾಕಿದರಂತೆ! ಕರಡಿ ಟೋಪಿಯ ಆಳುಗಳು, ಅರ್ಥವಾಗದ ಭಾಷೆಯಲ್ಲಿ ಕೂಗುವ ಆಜ್ಞೆಗಳು, ಕುದುರೆಯ ಕಾಲಡಿ ಕುರ್ಚಿಗಳು. ಇಷ್ಟನ್ನು ಕಣ್ಣಾರೆ ಕಂಡವರಿಗೆ ಉಳಿದದ್ದನ್ನು ನಂಬುವುದು ಕಷ್ಟವಾಗಲಿಲ್ಲ. ಅದೇ ಸವಾರರು ಫ್ರೆಂಚ್ ಪಡೆಯವರಾಗಿದ್ದರೆ ಬಹುಶಃ ಅದು ಒಂದು ಸಂಜೆಯ ಗದ್ದಲವಾಗಿ ಮುಗಿಯುತ್ತಿತ್ತು. ಜರ್ಮನ್ ಹೆಸರಿನಿಂದಾಗಿ ಅದು ಪರದೇಶದವರ ದಾಳಿಯಾಯಿತು. ಅಂದೇ ರಾತ್ರಿ ಫ್ರೆಂಚ್ ಗಾರ್ಡ್ ಸಿಪಾಯಿಗಳು ರಾಯಲ್ ಅಲ್ಮಾಂನ ಸವಾರರ ಮೇಲೆ ಗುಂಡು ಹಾರಿಸಿದರು. ದೊರೆಯ ಒಂದು ಪಡೆ ದೊರೆಯ ಇನ್ನೊಂದು ಪಡೆಯ ಮೇಲೆ ಕೋವಿ ಎತ್ತಿತ್ತು. ನಗರದಲ್ಲಿದ್ದ ಸೈನ್ಯದ ಮುಖ್ಯಸ್ಥ ಬೆಸೆನ್‌ವಾಲ್ ಎಂಬ ಸ್ವಿಸ್ ಅಧಿಕಾರಿ ಪಡೆಗಳನ್ನು ನಗರದ ನಡುವಿನಿಂದ ಹಿಂತೆಗೆದ. ಪ್ಯಾರಿಸ್ ಜನರ ಕೈಗೆ ಬಂದಿತು. ಸುಂಕದ ಕಟ್ಟೆಗಳಿಗೆ ಬೆಂಕಿ ಬಿತ್ತು, ಆಯುಧಗಳ ಹುಡುಕಾಟ ಮೊದಲಾಯಿತು, ಎರಡು ದಿನಗಳ ಬಳಿಕ ಬಾಸ್ತೀಲ್ ಬಿದ್ದಿತು.

ತಡವಾಗಿ ಬಂದ ನಿಷ್ಠೆ

ಇಲ್ಲಿಗೆ ಈ ರೆಜಿಮೆಂಟಿನ ಕಥೆ ಮುಗಿಯಲಿಲ್ಲ. 1791ರ ಜನವರಿಯಲ್ಲಿ ಹಳೆಯ ಹೆಸರುಗಳನ್ನೆಲ್ಲ ತೆಗೆದು ರೆಜಿಮೆಂಟುಗಳಿಗೆ ಸಂಖ್ಯೆಗಳನ್ನು ಕೊಟ್ಟಾಗ ರಾಯಲ್ ಅಲ್ಮಾಂ ಕಾಗದದ ಮೇಲೆ ‘15ನೆಯ ಅಶ್ವದಳ’ವಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಆ ವರ್ಷದ ಜೂನ್‌ನಲ್ಲಿ ಅದು ಈಶಾನ್ಯ ಗಡಿಯ ಸ್ತೆನೆ ಎಂಬ ಊರಿನಲ್ಲಿತ್ತು. ಆ ಪ್ರಾಂತ್ಯದ ಸೇನಾಪತಿ ಮಾರ್ಕ್ವಿಸ್ ಬುಯ್ಯೆ. ಟ್ವಿಲರಿ ಅರಮನೆಯಲ್ಲಿ ಹೆಚ್ಚು ಕಡಿಮೆ ಸೆರೆಯಾಳಿನಂತಿದ್ದ ದೊರೆಯನ್ನು ಗಡಿಯ ಹತ್ತಿರದ ಮೊಂಮೆದಿ ಕೋಟೆಗೆ ತಪ್ಪಿಸಿ ತರುವ ಗುಟ್ಟಿನ ಯೋಜನೆಯನ್ನು ಅವನು ಹೂಡಿದ್ದ. ಫ್ರೆಂಚ್ ಪಡೆಗಳಲ್ಲಿ ಅವನಿಗೆ ವಿಶ್ವಾಸ ಉಳಿದಿರಲಿಲ್ಲ. ಅವನ ಕೊನೆಯ ಆಸರೆ ರಾಯಲ್ ಅಲ್ಮಾಂ.

ಜೂನ್ 20ರ ರಾತ್ರಿ ದೊರೆ ಮತ್ತು ಅವನ ಕುಟುಂಬ ವೇಷ ಮರೆಸಿಕೊಂಡು ದೊಡ್ಡ ಗಾಡಿಯಲ್ಲಿ ಹೊರಟರು. ಮರುದಿನ ಸಂಜೆ ಸೇಂತ್ ಮೆನೆಉಲ್ಡ್ ಎಂಬಲ್ಲಿ ಅಂಚೆ ಕುದುರೆಗಳ ಮೇಲ್ವಿಚಾರಕ ದ್ರೂಯೆಗೆ ಗುರುತು ಹತ್ತಿತು. ಅವನು ಕುದುರೆ ಓಡಿಸಿಕೊಂಡು ಮುಂದಿನ ಊರು ವರೆನ್‌ಗೆ ಹೋಗಿ ಸುದ್ದಿ ಮುಟ್ಟಿಸಿದ. ರಾತ್ರಿ ಅಲ್ಲಿ ಗಾಡಿಯನ್ನು ತಡೆದರು. ದೊರೆಯ ಕಾವಲಿಗೆಂದು ಇರಿಸಿದ್ದ ಹುಸ್ಸಾರರು ಊರಿನಲ್ಲಿದ್ದರು. ಅವರೂ ಜರ್ಮನ್ ಮಾತನಾಡುವವರೇ. ಆದರೆ ಊರಿನವರು ಕೊಟ್ಟ ದ್ರಾಕ್ಷಾರಸ ಕುಡಿದು ಅವರು ರಾಷ್ಟ್ರಕ್ಕೆ ಜಯವೆಂದು ಕೂಗಿಬಿಟ್ಟರು. ಜರ್ಮನ್ ಮಾತಾಡುವ ಸಿಪಾಯಿ ದೊರೆಯ ಪರವೇ ಆಗಿರುತ್ತಾನೆ ಎಂಬ ಲೆಕ್ಕ ಅಲ್ಲಿಗೇ ತಪ್ಪಿತ್ತು.

ಬುಯ್ಯೆಗೆ ಸುದ್ದಿ ಮುಟ್ಟಿದ್ದು ಬೆಳಗಿನ ಜಾವ. ಅವನು ರಾಯಲ್ ಅಲ್ಮಾಂನ ಸವಾರರಿಗೆ ದೊರೆ ಸೆರೆಸಿಕ್ಕ ವಿಷಯ ತಿಳಿಸಿ, ಹಣ ಹಂಚಿ, ಅವರನ್ನು ಹೊರಡಿಸಿದ. ಅವರು ಹಿಂದೆಮುಂದೆ ನೋಡಲಿಲ್ಲ. ಸ್ತೆನೆಯಿಂದ ವರೆನ್‌ಗೆ ಸುಮಾರು 40 ಕಿಲೋಮೀಟರ್. ಭಾರಿ ಆಳುಗಳನ್ನು ಹೊತ್ತ ಭಾರಿ ಕುದುರೆಗಳು ದೌಡಾಯಿಸಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಊರಿನ ಎದುರು ನಿಂತವು. ದೊರೆಯನ್ನು ಪ್ಯಾರಿಸ್ ಕಡೆಗೆ ಒಯ್ದು ಒಂದು ಗಂಟೆಗೂ ಮೇಲಾಗಿತ್ತು. ನಡುವೆ ಹೊಳೆ, ಸೇತುವೆಗೆ ಅಡ್ಡಗಟ್ಟೆ, ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರುತ್ತಿದ್ದಾರೆ, ಕುದುರೆಗಳು ಬಸವಳಿದಿವೆ. ಬುಯ್ಯೆ ಪಡೆಯನ್ನು ಹಿಂತಿರುಗಿಸಿ ತಾನು ಗಡಿ ದಾಟಿದ. ಪ್ಯಾರಿಸ್ಸಿನಲ್ಲಿ ಬರಬಾರದ ಹೊತ್ತಿನಲ್ಲಿ ಬಂದು ದೊರೆಗೆ ಕೇಡು ತಂದ ಪಡೆ, ಬರಲೇಬೇಕಾದ ಹೊತ್ತಿನಲ್ಲಿ ತಡವಾಗಿ ಬಂದಿತು.

ಒಂದೇ ಮಾತು, ಎರಡು ದಾರಿ

ವರೆನ್ ಘಟನೆ ನಡೆದ ಒಂದು ತಿಂಗಳಿಗೆ, 1791ರ ಜುಲೈ 21ರಂದು, ರಾಷ್ಟ್ರೀಯ ಸಭೆ ಒಂದು ಶಾಸನ ಮಾಡಿತು. ಸ್ವಿಸ್ ಪಡೆಗಳನ್ನು ಬಿಟ್ಟು ಉಳಿದ ಪರದೇಶಿ ರೆಜಿಮೆಂಟುಗಳೆಲ್ಲ ಇನ್ನು ಫ್ರೆಂಚ್ ಪಡೆಗಳೇ, ಅವಕ್ಕೆ ಬೇರೆ ಉಡುಪಾಗಲಿ ಬೇರೆ ಸಂಬಳವಾಗಲಿ ಇಲ್ಲ ಎಂಬುದು ಅದರ ಸಾರ. ಒಂದು ದೃಷ್ಟಿಯಿಂದ ಇದು ಉದಾರವಾದ ನಿರ್ಧಾರ. ಮಾತು ಯಾವುದಾದರೇನು, ಬನ್ನಿ, ನೀವೂ ನಮ್ಮವರು ಎಂದು ಹೊಸ ರಾಷ್ಟ್ರ ಕರೆಯುತ್ತಿತ್ತು. ಆದರೆ ಆ ಕರೆಗೆ ಓಗೊಡುವವರು ಹಳೆಯ ಆಣೆಯನ್ನು ಮರೆಯಬೇಕಾಗಿತ್ತು. ರಾಯಲ್ ಅಲ್ಮಾಂನವರು ಆಣೆಯಿಟ್ಟದ್ದು ದೊರೆಗೆ. ರಾಷ್ಟ್ರವೆಂಬುದು ಅವರ ಪಾಲಿಗೆ ಟ್ವಿಲರಿಯಲ್ಲಿ ಕುರ್ಚಿ ಎಸೆದ ಗುಂಪು.

1792ರ ಏಪ್ರಿಲ್ 20ರಂದು ಫ್ರಾನ್ಸ್ ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಮೇ ತಿಂಗಳಲ್ಲಿ ರಾಯಲ್ ಅಲ್ಮಾಂ ಅಧಿಕಾರಿಗಳು, ಸಿಪಾಯಿಗಳು, ಕುದುರೆಗಳ ಸಮೇತ ಗಡಿ ದಾಟಿ ಶತ್ರುಪಕ್ಷಕ್ಕೆ ಹೋಯಿತು. ಅಧಿಕಾರಿಗಳು ಒಬ್ಬೊಬ್ಬರಾಗಿ ಓಡಿಹೋಗುವುದು ಆಗ ದಿನನಿತ್ಯದ ಮಾತಾಗಿತ್ತು. ಪಡೆಗೆ ಪಡೆಯೇ ಹೋಗುವುದು ಅಪರೂಪ. ಕೆಲವೇ ದಿನಗಳಲ್ಲಿ ಎರಡು ಹುಸ್ಸಾರ್ ರೆಜಿಮೆಂಟುಗಳಿಂದಲೂ ಬಹಳ ಮಂದಿ ಅದೇ ದಾರಿ ಹಿಡಿದರು. ಫ್ರೆಂಚ್ ಸೈನ್ಯದ ಪಟ್ಟಿಯಲ್ಲಿ 15ನೆಯ ಸಂಖ್ಯೆ ಖಾಲಿಯಾಯಿತು. ಹಿಂದಿದ್ದ ರೆಜಿಮೆಂಟುಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ತಂದು ಆ ತೆರವನ್ನು ಮುಚ್ಚಿದರು. ಗಡಿಯಾಚೆ ರಾಯಲ್ ಅಲ್ಮಾಂ ಮೊದಲು ದೊರೆಯ ತಮ್ಮಂದಿರ ದಂಡಿನಲ್ಲಿ, ಆಮೇಲೆ ಆಸ್ಟ್ರಿಯಾದ ಸಂಬಳದಲ್ಲಿ ಕೆಲವು ವರ್ಷ ಕಾದಿ, ಶತಮಾನ ಮುಗಿಯುವುದರೊಳಗೆ ಅಲ್ಲಿನ ಸೈನ್ಯದಲ್ಲಿ ಕರಗಿಹೋಯಿತು. ಲಾಂಬೆಸ್ಕ್ ಆಸ್ಟ್ರಿಯಾದ ಸೈನ್ಯದಲ್ಲಿ ದೊಡ್ಡ ಹುದ್ದೆಗೇರಿ, 1825ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮಲ್ಲೂ ಹಳೆಯ ಮಾತು. ಆ ಅಳತೆಯಿಂದ ನೋಡಿದರೆ ರಾಯಲ್ ಅಲ್ಮಾಂ ತನ್ನ ಋಣವನ್ನು ಕೊನೆಯವರೆಗೂ ತೀರಿಸಿತು. ಹೊಸ ಅಳತೆಯಿಂದ ನೋಡಿದರೆ ಅದು ದೇಶದ್ರೋಹ. ಎರಡು ಅಳತೆಗಳೂ ಒಂದೇ ಕಾಲದಲ್ಲಿ ಚಲಾವಣೆಯಲ್ಲಿದ್ದದ್ದೇ ಆ ದಿನಗಳ ತೊಡಕು.

ಇದನ್ನು ಭಾಷೆಯ ಜಗಳವೆಂದು ತಿಳಿಯುವುದು ತಪ್ಪಾಗುತ್ತದೆ. ಸಾರ್‌ಲೂಯಿ ಎಂಬುದು ಜರ್ಮನ್ ಮಾತಿನ ಸೀಮೆಯ ನಡುವೆ ಇದ್ದ ಫ್ರೆಂಚ್ ಕೋಟೆಯೂರು. ಅಲ್ಲಿ ಪೀಪಾಯಿ ಮಾಡುವವನ ಮನೆಯಲ್ಲಿ ಹುಟ್ಟಿ ಹುಸ್ಸಾರ್ ಪಡೆಗೆ ಸೇರಿದ ಮಿಶೆಲ್ ನೇ ಮುಂದೆ ನೆಪೋಲಿಯನ್ನನ ಮಾರ್ಷಲ್ ಆದ. 1792ರ ಸೆಪ್ಟೆಂಬರ್ 20ರಂದು ವಾಲ್ಮಿಯಲ್ಲಿ ಪ್ರಷ್ಯನ್ನರ ಮುನ್ನಡೆಯನ್ನು ತಡೆದ ಕೆಲ್ಲರ್ಮಾನ್ ಸ್ಟ್ರಾಸ್‌ಬೋರ್ಗಿನವನು. ಶಾತೋವ್ಯೂ ಎಂಬ ಸ್ವಿಸ್ ರೆಜಿಮೆಂಟಿನ ಸಿಪಾಯಿಗಳು 1790ರಲ್ಲಿ ನಾನ್ಸಿಯಲ್ಲಿ ತಮ್ಮ ಅಧಿಕಾರಿಗಳ ವಿರುದ್ಧವೇ ಎದ್ದರು. ಆ ದಂಗೆಯನ್ನು ಅಡಗಿಸಿದವನು ಇದೇ ಬುಯ್ಯೆ. ಅವರಲ್ಲಿ 22 ಜನರನ್ನು ಗಲ್ಲಿಗೇರಿಸಿದರು. 41 ಜನರನ್ನು ಹಡಗಿನ ಹುಟ್ಟು ಹಾಕುವ ಕಠಿಣ ಶಿಕ್ಷೆಗೆ ಕಳುಹಿಸಿದರು. 1792ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ ಬಂದ ಆ ಸ್ವಿಸ್ಸರನ್ನು ಪ್ಯಾರಿಸ್ ಮೆರವಣಿಗೆ ಮಾಡಿ ಗೌರವಿಸಿತು. ಅದೇ ಏಪ್ರಿಲ್ ಕೊನೆಯಲ್ಲಿ ಜರ್ಮನ್ ಮಾತಿನ ಸ್ಟ್ರಾಸ್‌ಬೋರ್ಗಿನಲ್ಲಿ ರೂಜೆ ದ ಲೀಲ್ ಒಂದು ರಣಗೀತೆ ಬರೆದ. ಅದನ್ನು ಅರ್ಪಿಸಿದ್ದು ಬವೇರಿಯಾದಲ್ಲಿ ಹುಟ್ಟಿದ ಸೇನಾಪತಿ ಲುಕ್ನರ್‌ಗೆ. ಆ ಹಾಡೇ ಮಾರ್ಸೆಯೇಸ್, ಫ್ರಾನ್ಸಿನ ರಾಷ್ಟ್ರಗೀತೆ. ಜರ್ಮನ್‌ನಿಗೆ ಅರ್ಪಿಸಿದ ಆ ಹಾಡು ತನ್ನ ಒಂದು ಚರಣದಲ್ಲಿ ಅಪ್ಪಟ ಫ್ರೆಂಚ್ ಕುಲೀನ ಬುಯ್ಯೆಯನ್ನು ಹೆಸರು ಹಿಡಿದು ಶಪಿಸುತ್ತದೆ.

ಪರದೇಶಿ ಪಡೆಗಳಲ್ಲಿ ಕೊನೆಯ ಪೆಟ್ಟು ತಿಂದವರು ದೊರೆಯ ಸ್ವಿಸ್ ಕಾವಲಿನವರು. 1792ರ ಆಗಸ್ಟ್ 10ರಂದು ಟ್ವಿಲರಿ ಅರಮನೆಗೆ ಜನ ಮುತ್ತಿದಾಗ ಅವರಲ್ಲಿ ಸುಮಾರು 600 ಜನ ಸತ್ತರು. ಹಲವರು ಸತ್ತದ್ದು ಮೂರು ವರ್ಷಗಳ ಹಿಂದೆ ಲಾಂಬೆಸ್ಕನ ಕುದುರೆಗಳು ನುಗ್ಗಿದ್ದ ಅದೇ ಉದ್ಯಾನದಲ್ಲಿ. 1793ರ ಜನವರಿ 21ರಂದು ಲೂಯಿಯ ತಲೆ ಬಿದ್ದದ್ದು ಉದ್ಯಾನಕ್ಕೆ ತಾಗಿದ ಚೌಕದಲ್ಲಿ, ರಾಯಲ್ ಅಲ್ಮಾಂ ಸಾಲುಗಟ್ಟಿ ನಿಂತಿದ್ದ ನೆಲದಲ್ಲಿ. ಇಂದು ಅದಕ್ಕೆ ಕೊಂಕೋರ್ದ್ ಚೌಕವೆಂದು ಹೆಸರು. ಎಂದರೆ ಸಾಮರಸ್ಯದ ಚೌಕ.

ಫ್ರಾನ್ಸ್ ಆಮೇಲೂ ಪರದೇಶಿ ಸಿಪಾಯಿಗಳನ್ನು ಬಿಡಲಿಲ್ಲ. ಕ್ರಾಂತಿಯ ನಂತರ ಮರಳಿ ಬಂದ ಬೂರ್ಬನ್ ದೊರೆಗಳು ಮತ್ತೆ ಸ್ವಿಸ್ ಕಾವಲನ್ನು ಕಟ್ಟಿದರು. 1830ರ ಜುಲೈ ಕ್ರಾಂತಿಯಲ್ಲಿ ಆ ಸ್ವಿಸ್ಸರು ಮತ್ತೆ ಪ್ಯಾರಿಸ್ಸಿನ ಜನರ ಎದುರು ನಿಲ್ಲಬೇಕಾಯಿತು, ಆ ದೊರೆಯೂ ಹೋದ. ಮುಂದಿನ ವರ್ಷ, 1831ರ ಮಾರ್ಚ್‌ನಲ್ಲಿ, ಹೊಸ ದೊರೆ ಲೂಯಿ ಫಿಲಿಪ್ ಇಂದಿಗೂ ಹೆಸರಾಗಿರುವ ‘ಫಾರಿನ್ ಲೀಜನ್’ ಪಡೆಯನ್ನು ಸ್ಥಾಪಿಸಿದ. ಅದನ್ನು ಸ್ಥಾಪಿಸಿದ ಕಾನೂನಿನಲ್ಲಿ ಒಂದು ಷರತ್ತಿತ್ತು: ಆ ಪಡೆಯನ್ನು ಫ್ರಾನ್ಸಿನ ನೆಲದಿಂದ ಹೊರಗೆ ಮಾತ್ರ ಬಳಸಬೇಕು. ಪರದೇಶಿ ಪಡೆಯನ್ನು ತನ್ನ ಪ್ರಜೆಗಳ ಮೇಲೆ ಬಿಟ್ಟ ಅರಸೊತ್ತಿಗೆಗೆ ಏನಾಗುತ್ತದೆ ಎಂಬುದನ್ನು ಕಲಿಯಲು ಫ್ರಾನ್ಸಿನ ಅರಸರಿಗೆ ಆ ಜುಲೈ ಸಂಜೆಯಿಂದ ನಲವತ್ತೆರಡು ವರ್ಷ ಬೇಕಾಗಿತ್ತು.